ವ್ಯಾಪಾರ ಮೇಳ: ಪೂರ್ವಸಿದ್ಧತೆ ಮತ್ತು ಲೆಕ್ಕಾಚಾರ

ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆಯ ಜಾತ್ರೆಗೆ ಅಂಗಡಿ ಹಾಕುವವರು ಅಂದಿನ ಗಲ್ಲಾದ ಮೇಲೆ ಕಣ್ಣಿಡುತ್ತಾರೆ. ವ್ಯಾಪಾರ ಮೇಳದ ಲೆಕ್ಕ ಬೇರೆ. ಅಲ್ಲಿ ಮುಂದಿನ ವರ್ಷದ ಗಿರಾಕಿ ದೊರೆಯಬೇಕು.

1. ನೋಂದಣಿ: ಜಿಎಸ್‌ಟಿ ನೋಂದಣಿಯುಳ್ಳ ಬೈಲಹೊಂಗಲದ ಟ್ರ್ಯಾಕ್ಟರ್ ಉಪಕರಣ ತಯಾರಕರು ಧಾರವಾಡದ ಕೃಷಿ ಮೇಳಕ್ಕೆ ಹೋದರೆ ಹೊಸ ನೋಂದಣಿ ಬೇಕಿಲ್ಲ. ಕೊಲ್ಹಾಪುರದಲ್ಲಿ ಮಳಿಗೆ ಹಾಕಿ ಸ್ಥಳದಲ್ಲೇ ಮಾರುವುದಾದರೆ, ಮಹಾರಾಷ್ಟ್ರದಲ್ಲಿ ‘ಸಾಂದರ್ಭಿಕ ತೆರಿಗೆದಾರ’ರಾಗಲು ಕನಿಷ್ಠ 5 ದಿನ ಮೊದಲು ಅರ್ಜಿ ಸಲ್ಲಿಸಿ, ಅಂದಾಜು ತೆರಿಗೆಯನ್ನು ಮುಂಗಡವಾಗಿ ಕಟ್ಟಬೇಕು. ಇದರ ಅವಧಿ ಗರಿಷ್ಠ 90 ದಿನ. ಮತ್ತೆ 90 ದಿನದವರೆಗೆ ವಿಸ್ತರಿಸಬಹುದು. ಮಾದರಿ ತೋರಿಸಿ, ಬೇಡಿಕೆಯನ್ನಷ್ಟೇ ಪಡೆದು, ಊರಿನಿಂದಲೇ ಬಿಲ್ಲು ಮಾಡಿ ಸರಕು ಕಳಿಸುವವರಿಗೆ ಈ ನೋಂದಣಿ ಬೇಡ. ಮಾದರಿಗಳಿಗೆ ಡೆಲಿವರಿ ಚಲನ್, ಮೌಲ್ಯ 50,000 ರೂ. ಮೀರಿದರೆ ಇ-ವೇ ಬಿಲ್ ಇರಬೇಕು.

2. ಉದ್ರಿ: ಮೇಳದ ಸಂಭ್ರಮದಲ್ಲಿ ದೊಡ್ಡ ಬೇಡಿಕೆಗೆ ಉದ್ರಿ ಒಪ್ಪಿಬಂದ ರಾಮದುರ್ಗದ ಕೈಮಗ್ಗ ಉತ್ಪಾದಕರಿಗೆ ನೂಲಿನ ಸಾಲವೇ ಭಾರವಾದೀತು. ಸರಕು ಪೂರೈಸುವ ಮೊದಲೇ ಉದ್ಯಮ್ ನೋಂದಣಿ ಆಗಿರಬೇಕು. 2006ರ ಕಾಯ್ದೆಯನ್ವಯ ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರಿಗೆ ಖರೀದಿದಾರರು 15 ದಿನದೊಳಗೆ, ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು.

3. ಪರಿಚಯ: ಕಿತ್ತೂರಿನಿಂದ ಹೊರಟವರು ನೆರೆಯೂರಿನವರೊಡನೆ ವಾಹನ ಹಂಚಿಕೊಂಡರೆ ಖರ್ಚು ಇಳಿಯುತ್ತದೆ, ಸ್ನೇಹವೂ ಬೆಳೆಯುತ್ತದೆ. ಒಬ್ಬರು ಮಳಿಗೆಯಲ್ಲಿದ್ದಾಗ ಇನ್ನೊಬ್ಬರು ಮೇಳ ಸುತ್ತಬೇಕು. ಪೈಪೋಟಿಯವರೊಡನೆಯೂ ಚಹಾ ಕುಡಿಯಬೇಕು. ಭೇಟಿಯಾದವರ ಹೆಸರು, ಊರು, ಕೇಳಿದ ದರಗಳನ್ನು ಅಂದು ರಾತ್ರಿಯೇ ಬರೆದಿಟ್ಟು, ವಾರದೊಳಗೆ ಫೋನ್ ಮಾಡಬೇಕು.

ಕಾಗದಪತ್ರ ಸರಿಯಾಗಿದ್ದವರಿಗೇ ಮೇಳದಲ್ಲಿ ನಿಶ್ಚಿಂತೆಯಿಂದ ನಾಲ್ಕು ಮಾತಾಡಲು ಬಿಡುವು ಸಿಗುತ್ತದೆ.