ಗಿರಕಿಯಿಂದ ಪಾರಾಗುವ ವಿದ್ಯೆ

ಈಜು ಕಲಿಯುವ ಹುಡುಗನನ್ನು ಎಂದೂ ಆಳಕ್ಕೆ ಬಿಡದೆ ಮೆಟ್ಟಿಲ ಬಳಿಯಲ್ಲಿಯೇ ಉಳಿಸಿಕೊಂಡರೆ ಅವನು ಮುಳುಗುವುದಿಲ್ಲ, ನಿಜ. ಆದರೆ ಒಂದು ದಿನ ಕಾಲು ಜಾರಿ ಮಡುವಿಗೆ ಬಿದ್ದರೆ ಅವನ ಗತಿಯೇನು? ಮೊದಲನೆಯ ಮಹಾಯುದ್ಧದ ಮೊದಲ ವರ್ಷಗಳಲ್ಲಿ ಬ್ರಿಟನ್ನಿನ ಯುದ್ಧವಿಮಾನ ಚಾಲಕರ ಶಿಕ್ಷಣವು ಬಹುಮಟ್ಟಿಗೆ ಹೀಗೆಯೇ ಇದ್ದಿತು. ಅಪಾಯಕರವಾದ ಚಲನೆಗಳನ್ನು ಕಲಿಸುವುದಕ್ಕಿಂತ ಅವುಗಳಿಂದ ದೂರವಿರಿಸುವುದೇ ಜಾಣತನವೆಂದು ಭಾವಿಸಲಾಗಿದ್ದಿತು.

ಆ ಅಪಾಯಗಳಲ್ಲಿ ಎಲ್ಲಕ್ಕಿಂತ ಭೀಕರವಾದುದು ಗಿರಕಿ. ವಿಮಾನವು ಮೂತಿಯನ್ನು ಕೆಳಗೆ ಮಾಡಿ, ಬುಗುರಿಯಂತೆ ಸುತ್ತುತ್ತ ನೆಲದತ್ತ ಇಳಿಯುವುದಕ್ಕೆ ಈ ಹೆಸರು. ಇದರ ಕಾರಣವನ್ನು ಸ್ವಲ್ಪ ವಿಚಾರಿಸೋಣ.

ರೆಕ್ಕೆಯು ಎದುರುಗಾಳಿಗೆ ಸ್ವಲ್ಪ ಓರೆಯಾಗಿರುವುದರಿಂದ ವಿಮಾನವನ್ನು ಮೇಲೆತ್ತುವ ಬಲವು ಹುಟ್ಟುತ್ತದೆ. ಓರೆಯ ಕೋನವು ಹೆಚ್ಚಿದಂತೆ ಬಲವೂ ಹೆಚ್ಚುತ್ತದೆ. ಆದರೆ ಸುಮಾರು 15 ಡಿಗ್ರಿಗಳವರೆಗೆ ಮಾತ್ರ. ಅದನ್ನು ಮೀರಿದರೆ ರೆಕ್ಕೆಯ ಮೇಲ್ಮೈಯನ್ನು ಅನುಸರಿಸಿ ಹರಿಯುತ್ತಿದ್ದ ಗಾಳಿಯು ಅದನ್ನು ಬಿಟ್ಟು ಸುಳಿಸುಳಿಯಾಗಿ ಚದರಿಹೋಗುತ್ತದೆ. ಎತ್ತುವ ಬಲವು ಕುಸಿಯುತ್ತದೆ.

ಈಗ ಒಂದು ರೆಕ್ಕೆ ತುಸು ಕೆಳಗೆ ವಾಲಿತೆನ್ನೋಣ. ಇಳಿಯುವ ರೆಕ್ಕೆಗೆ ಗಾಳಿಯು ಕೆಳಗಿನಿಂದಲೂ ಬಡಿಯುವುದರಿಂದ ಅದರ ಕೋನವು ಹೆಚ್ಚುತ್ತದೆ. ಸಾಮಾನ್ಯ ಹಾರಾಟದಲ್ಲಿ ಇದರಿಂದ ಬಲವು ಹೆಚ್ಚಿ, ರೆಕ್ಕೆಯು ಇಳಿಯುವುದು ತಾನಾಗಿಯೇ ತಡೆಯಲ್ಪಡುತ್ತದೆ. ಮಿತಿಯನ್ನು ಮೀರಿದ ಮೇಲಾದರೋ ಕೋನವು ಹೆಚ್ಚಿದಷ್ಟೂ ಬಲವು ಕಡಿಮೆ! ಬೀಳುತ್ತಿರುವ ರೆಕ್ಕೆ ಇನ್ನಷ್ಟು ಬೀಳುತ್ತದೆ. ವಿಮಾನವು ತನ್ನ ಸುತ್ತಾಟವನ್ನು ತಾನೇ ಪೋಷಿಸಿಕೊಳ್ಳುತ್ತದೆ.

ನೆಲವು ಮೇಲೇರಿ ಬರುವಂತೆ ಕಂಡಾಗ ಚಾಲಕನ ಕೈ ಏನು ಮಾಡೀತು? ಮೂತಿಯನ್ನು ಎತ್ತಲೆಂದು ಚಾಲನದಂಡವನ್ನು ಹಿಂದಕ್ಕೆ ಎಳೆಯುತ್ತದೆ. ಇದರಿಂದ ಕೋನವು ಹೆಚ್ಚಾಗಿಯೇ ಉಳಿಯುತ್ತದೆ, ಗಿರಕಿ ನಿಲ್ಲುವುದಿಲ್ಲ. ಮಾಡಬೇಕಾದುದು ಇದಕ್ಕೆ ವಿರುದ್ಧ: ಚುಕ್ಕಾಣಿಯನ್ನು ಸುತ್ತುವ ದಿಕ್ಕಿಗೆ ಎದುರಾಗಿ ತಿರುಗಿಸಿ, ದಂಡವನ್ನು ಮುಂದಕ್ಕೆ ತಳ್ಳಬೇಕು. 1912ರ ಆಗಸ್ಟಿನಲ್ಲಿ ವಿಲ್‌ಫ್ರೆಡ್ ಪಾರ್ಕ್ ಎಂಬಾತನು ನೆಲಕ್ಕೆ ಬಹು ಸಮೀಪದಲ್ಲಿ ಚುಕ್ಕಾಣಿಯನ್ನು ಎದುರು ದಿಕ್ಕಿಗೆ ತಿರುಗಿಸಿ ಬದುಕಿಕೊಂಡನು. 1917ರಲ್ಲಿ ಭೌತವಿಜ್ಞಾನಿ ಫ್ರೆಡರಿಕ್ ಲಿಂಡೆಮನ್ನನು ತಾನೇ ಹಾರಾಟವನ್ನು ಕಲಿತು, ಫಾರ್ನ್‌ಬರೋದಲ್ಲಿ ಬೇಕೆಂದೇ ವಿಮಾನವನ್ನು ಗಿರಕಿಗೆ ಹಾಕಿ ಅಳತೆಗಳನ್ನು ತೆಗೆದುಕೊಂಡನು.

ಈ ಬಗೆಯ ಜ್ಞಾನವು ಸಾಮಾನ್ಯ ಶಿಷ್ಯನಿಗೆ ತಲುಪಲು ಒಬ್ಬ ಗುರುವು ಬೇಕಾಗಿದ್ದನು. ಆತನೇ ರಾಬರ್ಟ್ ಸ್ಮಿತ್-ಬ್ಯಾರಿ. 1914ರ ವಿಮಾನಾಪಘಾತವೊಂದರಲ್ಲಿ ಅವನ ಎರಡು ಕಾಲುಗಳೂ ಮುರಿದಿದ್ದವು. 1916ರಲ್ಲಿ ಫ್ರಾನ್ಸಿನಲ್ಲಿ 60ನೆಯ ಸ್ಕ್ವಾಡ್ರನ್ನಿನ ಮುಖ್ಯಸ್ಥನಾಗಿದ್ದಾಗ, ಕೆಲವೇ ಗಂಟೆಗಳ ಹಾರಾಟದ ಅನುಭವವುಳ್ಳ ತರುಣರು ರಣರಂಗಕ್ಕೆ ಬಂದು ಸಾಯುವುದನ್ನು ಕಂಡು ಮೇಲಧಿಕಾರಿಗಳಿಗೆ ಖಾರವಾಗಿ ಬರೆದನು. ಆ ವರ್ಷದ ಕೊನೆಯಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ಗಾಸ್‌ಪೋರ್ಟಿನಲ್ಲಿದ್ದ ತರಬೇತಿ ದಳವನ್ನು ಅವನಿಗೇ ಒಪ್ಪಿಸಲಾಯಿತು. 1917ರ ಆಗಸ್ಟಿನಲ್ಲಿ ಅದು ವಿಶೇಷ ಹಾರಾಟದ ಶಾಲೆಯಾಗಿ, ಶಿಕ್ಷಕರನ್ನೇ ತಯಾರುಮಾಡತೊಡಗಿತು.

ಅಲ್ಲಿ ಜೋಡಿ ಚಾಲನದಂಡಗಳಿದ್ದ ಆವ್ರೋ 504 ವಿಮಾನಗಳನ್ನು ಬಳಸಿದರು. ಚಾಲಕನ ಆಸನದಲ್ಲಿ ಶಿಷ್ಯನೇ ಕುಳಿತುಕೊಳ್ಳುತ್ತಿದ್ದನು. ಎಂಜಿನ್ನಿನ ಅಬ್ಬರದಲ್ಲಿ ಗುರುವಿನ ಮಾತು ಕೇಳಿಸುವಂತೆ ಬಾಯಿಂದ ಕಿವಿಗೆ ಒಂದು ಕೊಳವೆಯನ್ನು ಜೋಡಿಸಿದರು; ಅದಕ್ಕೆ ಗಾಸ್‌ಪೋರ್ಟ್ ಕೊಳವೆ ಎಂದೇ ಹೆಸರಾಯಿತು. ಕಡಿದಾದ ತಿರುವು, ಅಡ್ಡಗಾಳಿಯಲ್ಲಿ ಇಳಿಯುವುದು, ಗಿರಕಿ, ಎಲ್ಲವನ್ನೂ ಸಾಕಷ್ಟು ಎತ್ತರದಲ್ಲಿ ಅಥವಾ ಗುರುವಿನ ಕಣ್ಣೆದುರಿನಲ್ಲಿ ಮಾಡಿಸಿ, ಪ್ರತಿಯೊಂದಕ್ಕೂ ಕಾರಣವನ್ನು ತಿಳಿಸಿದರು. ಈ ಪದ್ಧತಿಯು ಬ್ರಿಟನ್ನಿನ ಇತರ ಶಾಲೆಗಳಿಗೂ, 1918ರಲ್ಲಿ ಕೆನಡಾದ ಟೊರಾಂಟೋ ಬಳಿಯ ಶಾಲೆಗೂ ಹಬ್ಬಿತು.

ಒಂದು ಶತಮಾನವು ಕಳೆದಿದೆ. ನಮ್ಮ ಬೀದರಿನ ವಾಯುಪಡೆ ನೆಲೆಗೆ 2008ರಲ್ಲಿ ಹಾಕ್ ಜೆಟ್ ವಿಮಾನಗಳು ಬಂದವು. ಅವುಗಳಲ್ಲಿಯೂ ಆಸನಗಳು ಎರಡು, ಒಂದು ಶಿಷ್ಯನಿಗೆ, ಒಂದು ಗುರುವಿಗೆ.

ವಿದ್ಯಾರ್ಥಿಗಳು ಇದರಿಂದ ತಿಳಿಯಬೇಕಾದುದೇನು? ಅಪಾಯವನ್ನು ಮರೆಮಾಡುವುದರಿಂದ ಭಯವು ಹೋಗುವುದಿಲ್ಲ. ಕಾರಣವನ್ನು ಅರಿತ ಕೈ ಮಾತ್ರವೇ, ಎಳೆಯಬೇಕೆನ್ನಿಸಿದ ಕ್ಷಣದಲ್ಲಿ ದಂಡವನ್ನು ಮುಂದಕ್ಕೆ ತಳ್ಳಬಲ್ಲದು.