ಆಟದ ಲ್ಯಾಪ್‌ಟಾಪೋ, ಓದಿನ ಲ್ಯಾಪ್‌ಟಾಪೋ?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ಮಗಳಿಗೆ ಮೈಸೂರಿನಲ್ಲಿ ಬಿ.ಆರ್ಕ್ ಸೀಟು ಸಿಕ್ಕಿದೆ. ಹಾಸ್ಟೆಲ್‌ಗೆ ಹೋಗುವ ಮೊದಲೇ ಲ್ಯಾಪ್‌ಟಾಪ್ ಕೊಡಿಸು ಅಂತಾಳೆ, ಅದೂ ಗೇಮಿಂಗ್ ಲ್ಯಾಪ್‌ಟಾಪೇ ಆಗಬೇಕಂತೆ. ಪಿಯುಸಿ ಮುಗಿದ ರಜೆಯಲ್ಲಿ ಅವಳು ಅಣ್ಣನ ಕಂಪ್ಯೂಟರ್ ಮುಂದೆ ಮಧ್ಯರಾತ್ರಿವರೆಗೂ ವ್ಯಾಲೊರೆಂಟ್ ಆಡುತ್ತಿದ್ದಳು. ಕೇಳಿದರೆ, "ಆರ್ಕಿಟೆಕ್ಚರ್‌ಗೂ ಅಂಥಾದ್ದೇ ಬೇಕು ಮಮ್ಮಿ, ನಿಂಗ ತಿಳಿಯಂಗಿಲ್ಲ" ಅಂತಾಳೆ. ಹೊಸಪೇಟೆಯ ಅಂಗಡಿಯಲ್ಲಿ ಎರಡು ತೋರಿಸಿದರು. ಒಂದು ತೆಳ್ಳಗಿನದು, ಕೋರ್ ಐ7, 16 ಜಿಬಿ ರ‍್ಯಾಮ್, 72 ಸಾವಿರ. ಇನ್ನೊಂದು ದಪ್ಪನೆಯ ಗೇಮಿಂಗ್ ಮಾಡೆಲ್, ಕೋರ್ ಐ5, ಆರ್‌ಟಿಎಕ್ಸ್ 4050, 84 ಸಾವಿರ. "ಐ7 ದೊಡ್ಡದು ಮೇಡಂ, ಅದನ್ನೇ ತಗೊಳ್ಳಿ" ಅಂದರು ಅಂಗಡಿಯವರು. ಬೆಂಗಳೂರಿನಲ್ಲಿರುವ ನನ್ನ ತಮ್ಮ ಮ್ಯಾಕ್‌ಬುಕ್ ಕೊಡಿಸು ಅಂತಾನೆ. ಬೀಗರೊಬ್ಬರು ಎಂಟು ವರ್ಷ ಹಳೆಯ ಲ್ಯಾಪ್‌ಟಾಪ್ ಕೊಡುತ್ತೇನೆ ಅಂತಾರೆ. ಸೊಸೈಟಿಯಲ್ಲಿ ಸಾಲ ತೆಗೆದೇ ಕೊಡಿಸಬೇಕು. ಸಾಲ ಮಾಡಿ ನಾನೇ ಕೈಯಾರೆ ಅವಳ ಓದು ಕೆಡಿಸುತ್ತಿದ್ದೇನೆಯೇ ಅನ್ನುವ ಅಳುಕು. ಏನು ಮಾಡಲಿ?
— ಹೆಸರು ಬೇಡ, ಕೊಪ್ಪಳ ಜಿಲ್ಲೆ

ಉತ್ತರ: ನೀವು ನೋಡಿದ ಎರಡರಲ್ಲಿ ಮಗಳಿಗೆ ಬೇಕಾದದ್ದು ದಪ್ಪನೆಯದೇ. ಈ ವಿಷಯದಲ್ಲಿ ಅವಳು ನಿಮಗೆ ಸುಳ್ಳು ಹೇಳುತ್ತಿಲ್ಲ. ಆದರೆ ದುಡ್ಡು ಕೊಡುವ ಮೊದಲು ನೋಡಬೇಕಾದ ಕೆಲವು ಸಂಗತಿಗಳಿವೆ, ಅವನ್ನು ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ. ಆಟದ ಚಿಂತೆ ಬೇರೆಯದು. ಅದಕ್ಕೆ ಉತ್ತರ ಅಂಗಡಿಯಲ್ಲಿ ಸಿಗುವುದಿಲ್ಲ, ಅದನ್ನು ಕೊನೆಗೆ ನೋಡೋಣ.

ಮೊದಲು, ಆಟಕ್ಕೂ ಆರ್ಕಿಟೆಕ್ಚರ್‌ಗೂ ಏನು ಸಂಬಂಧ ಅನ್ನುವುದು. ಗೇಮ್ ಆಡುವಾಗ ಪರದೆಯ ಮೇಲಿನ ಬೆಳಕು, ನೆರಳು, ನೀರಿನ ಹೊಳಪು ಎಲ್ಲವನ್ನೂ ಕಂಪ್ಯೂಟರ್ ಕ್ಷಣಕ್ಷಣವೂ ಲೆಕ್ಕ ಹಾಕಿ ಬಿಡಿಸುತ್ತಿರುತ್ತದೆ. ನಿಮ್ಮ ಮಗಳು ಎರಡು ಮೂರು ವರ್ಷದಲ್ಲಿ ಮನೆಯೊಂದರ ವಿನ್ಯಾಸ ಮಾಡಿ, ಬೆಳಗಿನ ಬಿಸಿಲು ಅದರ ಅಂಗಳಕ್ಕೆ ಹೇಗೆ ಬೀಳುತ್ತದೆ ಎಂದು ತೋರಿಸಬೇಕಾದಾಗ ಆಗುವುದೂ ಇದೇ ಲೆಕ್ಕ. ಇದಕ್ಕೆ ರೆಂಡರಿಂಗ್ ಅನ್ನುತ್ತಾರೆ. ಲುಮಿಯಾನ್, ಎನ್‌ಸ್ಕೇಪ್, ಡಿ5 ಮೊದಲಾದವು ಇದಕ್ಕೆಂದೇ ಇರುವ ಸಾಫ್ಟ್‌ವೇರ್‌ಗಳು. ಟ್ವಿನ್‌ಮೋಷನ್ ಅನ್ನುವುದಂತೂ ದೊಡ್ಡ ದೊಡ್ಡ ಗೇಮ್‌ಗಳನ್ನು ಕಟ್ಟುವ ಅನ್‌ರಿಯಲ್ ಎಂಜಿನ್ನಿನ ಮೇಲೆಯೇ ನಿಂತಿದೆ. ಈ ಕೆಲಸದ ಭಾರ ಬೀಳುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ತೆಳ್ಳಗಿನ ಮಾಡೆಲ್‌ನಲ್ಲಿ ಪ್ರತ್ಯೇಕ ಕಾರ್ಡ್ ಇಲ್ಲ, ದಪ್ಪನೆಯದರಲ್ಲಿ ಇದೆ. ಆ ಹನ್ನೆರಡು ಸಾವಿರದ ವ್ಯತ್ಯಾಸದಲ್ಲಿ ನೀವು ಕೊಳ್ಳುತ್ತಿರುವುದು ಅದನ್ನೇ.

ಇನ್ನು ಐ7 ದೊಡ್ಡದು ಅನ್ನುವ ಮಾತು. ಬರೀ ಐ5, ಐ7 ಎಂಬ ಸ್ಟಿಕ್ಕರ್ ನೋಡಿ ಲ್ಯಾಪ್‌ಟಾಪ್ ಕೊಳ್ಳುವುದು ಸೆರಗು ನೋಡಿ ಸೀರೆ ಕೊಂಡ ಹಾಗೆ. ಹೆಸರಿನ ಕೊನೆಯ ಅಕ್ಷರ ನೋಡಬೇಕು. ಕೊನೆಗೆ ಯು ಅಂತಿದ್ದರೆ ಅದು ಬ್ಯಾಟರಿ ಉಳಿಸಲು ಮಾಡಿದ ಪ್ರೊಸೆಸರ್. ಎಚ್ ಅಥವಾ ಎಚ್‌ಎಕ್ಸ್ ಇದ್ದರೆ ಭಾರದ ಕೆಲಸಕ್ಕೆ ಮಾಡಿದ್ದು. ಉದಾಹರಣೆಗೆ ಐ7-1355ಯು ಪ್ರೊಸೆಸರ್‌ನಲ್ಲಿ ಜೋರಾಗಿ ದುಡಿಯುವ ಕೋರ್‌ಗಳು 2 ಮಾತ್ರ. ಐ5-13450ಎಚ್‌ಎಕ್ಸ್‌ನಲ್ಲಿ ಅಂಥವು 6 ಇವೆ. ತೆಳ್ಳಗಿನ ಲ್ಯಾಪ್‌ಟಾಪ್ ಕೆಟ್ಟದ್ದೇನಲ್ಲ, ಬಿ.ಕಾಂ ಓದುವ ಹುಡುಗಿಗೆ ನಾನೂ ಅದನ್ನೇ ಹೇಳುತ್ತಿದ್ದೆ.

ಈಗ ದಪ್ಪನೆಯದರಲ್ಲಿ ಏನೇನು ನೋಡಬೇಕು ಅಂತ ನೋಡೋಣ.

ಎಲ್ಲಕ್ಕಿಂತ ಮುಖ್ಯವಾದದ್ದು ಪರದೆ, ಗೇಮಿಂಗ್ ಮಾಡೆಲ್‌ಗಳು ಕೈಕೊಡುವುದೂ ಇಲ್ಲೇ. ಬೆಲೆ ಇಳಿಸಬೇಕಾದಾಗ ಕಂಪನಿಗಳು ಹೆಚ್ಚಾಗಿ ಕತ್ತರಿ ಹಾಕುವುದು ಬಣ್ಣಕ್ಕೆ. 144 ಹರ್ಟ್ಜ್ ಎಂದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಚಿತ್ರ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಅನ್ನುವ ಲೆಕ್ಕ ಅದು, ಗೇಮ್‌ಗೆ ಚೆಂದ. ವಿನ್ಯಾಸದ ಕೆಲಸಕ್ಕೆ ಬೇಕಾದದ್ದು ಬಣ್ಣದ ನಿಖರತೆ. ಮಾಡೆಲ್‌ನ ವಿವರದಲ್ಲಿ "45% ಎನ್‌ಟಿಎಸ್‌ಸಿ" ಎಂದಿದ್ದರೆ ಬಿಡಿ. ಫೋನ್‌ಗಳಲ್ಲಿ, ಅಂತರ್ಜಾಲದಲ್ಲಿ ರೂಢಿಯಲ್ಲಿರುವ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಅದು ತೋರಿಸುವುದು ಸುಮಾರು ಶೇ. 62 ಅಷ್ಟೆ. ಅಂಥ ಪರದೆಯಲ್ಲಿ ಇಟ್ಟಿಗೆಯ ಕೆಂಪು ಸಪ್ಪೆಯಾಗಿ ಕಾಣುತ್ತದೆ ಎಂದು ಹುಡುಗಿ ಬಣ್ಣ ಏರಿಸುತ್ತಾಳೆ, ಪ್ರಿಂಟ್ ತೆಗೆದಾಗ ಶೀಟ್ ಕೆಂಪಗೆ ಕಣ್ಣಿಗೆ ಹೊಡೆಯುತ್ತದೆ, ಜ್ಯೂರಿಯಲ್ಲಿ ಕೂತ ಮೇಷ್ಟ್ರ ಕೈಲಿ ಬೈಸಿಕೊಳ್ಳುತ್ತಾಳೆ. "100% ಎಸ್‌ಆರ್‌ಜಿಬಿ" ಎಂದಿರಬೇಕು. ಒಂದೇ ಹೆಸರಿನ ಲ್ಯಾಪ್‌ಟಾಪ್ ಎರಡೂ ಬಗೆಯ ಪರದೆಯಲ್ಲಿ ಬರುವುದುಂಟು. ಆದ್ದರಿಂದ ಪೂರ್ತಿ ಮಾಡೆಲ್ ನಂಬರ್ ಬರೆದುಕೊಂಡು ಕಂಪನಿಯ ಜಾಲತಾಣದಲ್ಲಿ ಹೊಂದಿಸಿ ನೋಡಿ.

ಎರಡನೆಯದು ಗ್ರಾಫಿಕ್ಸ್ ಕಾರ್ಡಿನ ಸ್ವಂತ ಮೆಮೊರಿ. ಆರ್‌ಟಿಎಕ್ಸ್ 4050ಯಲ್ಲಿ 6 ಜಿಬಿ ಇರುತ್ತದೆ, ಅದಾದ ಮೇಲೆ ಬಂದ 5050ಯಲ್ಲಿ 8 ಜಿಬಿ. ಮರಗಿಡ, ಪೀಠೋಪಕರಣ, ಜನ ಎಲ್ಲ ತುಂಬಿದ ದೊಡ್ಡ ದೃಶ್ಯ ರೆಂಡರ್ ಮಾಡುವಾಗ ಮೊದಲು ಸಾಲದೆ ಬರುವುದು ಇದೇ, ಮತ್ತು ಆಮೇಲೆ ಇದನ್ನು ಹೆಚ್ಚಿಸಲು ಆಗುವುದಿಲ್ಲ. ಐದಾರು ಸಾವಿರ ಹೆಚ್ಚು ಕೊಟ್ಟರೆ 8 ಜಿಬಿಯ ಕಾರ್ಡ್ ಸಿಗುತ್ತದೆ ಎಂದಾದರೆ ಅಷ್ಟನ್ನು ಇಲ್ಲಿ ಖರ್ಚು ಮಾಡಿ. 4 ಜಿಬಿ ಇರುವ 2050, 3050 ಮಾಡೆಲ್‌ಗಳನ್ನು ಅಗ್ಗವೆಂದು ತರಬೇಡಿ. ಇನ್ನೊಂದು ಮಾತು: 4050 ಎಂಬ ಒಂದೇ ಹೆಸರಿನ ಕಾರ್ಡಿಗೆ ಲ್ಯಾಪ್‌ಟಾಪ್ ಕಂಪನಿಗಳು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ವಿದ್ಯುತ್ ಕೊಡಬಹುದು. ಕಡಿಮೆ ವ್ಯಾಟ್ ಕೊಟ್ಟರೆ ಕೆಲಸವೂ ನಿಧಾನ. "ಟಿಜಿಪಿ ಎಷ್ಟು?" ಎಂದು ಮಗಳು ಅಂಗಡಿಯಲ್ಲಿ ಕೇಳಲಿ.

ಮೂರನೆಯದು ರ‍್ಯಾಮ್. ಕಟ್ಟಡ ವಿನ್ಯಾಸದ ರೆವಿಟ್ ಸಾಫ್ಟ್‌ವೇರ್‌ಗೆ 16 ಜಿಬಿ ಅಂದರೆ ಆರಂಭದ ಮಟ್ಟ, ಮೇಲಿನ ತರಗತಿಗಳಿಗೆ 32 ಬೇಕೆನಿಸುತ್ತದೆ. ಈಗಲೇ 32 ಕೊಳ್ಳಬೇಕಿಲ್ಲ. ಬೋರ್ಡಿಗೆ ಬೆಸುಗೆ ಹಾಕಿದ ರ‍್ಯಾಮ್ ಅಲ್ಲ, ಬಿಚ್ಚಿ ಹಾಕಬಹುದಾದ ಸ್ಲಾಟ್ ಇದೆ ಎಂಬುದನ್ನು ಖಚಿತ ಮಾಡಿಕೊಂಡರೆ ಸಾಕು. ಎಸ್‌ಎಸ್‌ಡಿ 512 ಜಿಬಿ ಇದ್ದು, ಇನ್ನೊಂದನ್ನು ಸೇರಿಸಲು ಜಾಗವಿದ್ದರೆ ಅದೂ ಸಾಕು.

ಈಗ ನಿಮ್ಮ ತಮ್ಮನ ಮಾತು. ಮ್ಯಾಕ್‌ಬುಕ್ ಒಳ್ಳೆಯ ಯಂತ್ರ, ಪರದೆ ಚೆನ್ನ, ಬ್ಯಾಟರಿಯೂ ದಿನವಿಡೀ ಬರುತ್ತದೆ. ಗ್ರಾಫಿಕ್ ಡಿಸೈನ್ ಕಲಿಯುವವರಿಗೆ ಕಣ್ಣು ಮುಚ್ಚಿ ಹೇಳಬಹುದು. ಆದರೆ ರೆವಿಟ್, 3ಡಿಎಸ್ ಮ್ಯಾಕ್ಸ್ ಇವು ವಿಂಡೋಸ್‌ಗೆ ಮಾತ್ರ ಬರುತ್ತವೆ. ಆಟೊಕ್ಯಾಡ್, ಸ್ಕೆಚ್‌ಅಪ್ ಎರಡರಲ್ಲೂ ಸಿಗುತ್ತವಾದರೂ ತರಗತಿಯಲ್ಲಿ ಎಲ್ಲರೂ ವಿಂಡೋಸ್‌ನಲ್ಲಿರುವಾಗ ಇವಳೊಬ್ಬಳು ಬೇರೆ ದಾರಿ ಹುಡುಕುತ್ತ ಕೂರಬೇಕಾಗುತ್ತದೆ.

ಬೀಗರ ಎಂಟು ವರ್ಷದ ಲ್ಯಾಪ್‌ಟಾಪ್‌ಗೆ ನಯವಾಗಿ ಬೇಡ ಅನ್ನಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ನಡೆಯಬೇಕಾದರೆ ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದರ ಮೇಲಿನದು ಬೇಕು. ಅಷ್ಟು ಹಳೆಯದರಲ್ಲಿ ಅದು ಇದ್ದರೆ ಪುಣ್ಯ. ಬ್ಯಾಟರಿಯಂತೂ ಉಳಿದಿರಲಾರದು.

ಯಾವಾಗ ಕೊಳ್ಳಬೇಕು? ಹಾಸ್ಟೆಲ್‌ಗೆ ಹೋಗುವ ಮೊದಲೇ ಆಗಬೇಕೆಂಬ ಅವಸರವಿಲ್ಲ. ಬಿ.ಆರ್ಕ್ ಐದು ವರ್ಷದ ಕೋರ್ಸ್. ಮೊದಲ ಸೆಮಿಸ್ಟರ್‌ನಲ್ಲಿ ಬಹುಪಾಲು ಕೈಯಲ್ಲೇ ಗೆರೆ ಎಳೆಯುವುದು: ಡ್ರಾಫ್ಟಿಂಗ್ ಬೋರ್ಡು, ಟಿ-ಸ್ಕೇಲು, ಥರ್ಮಾಕೋಲ್ ಮತ್ತು ರಟ್ಟಿನ ಮಾಡೆಲ್ಲು. ಅವಳು ಕಾಲೇಜು ಸೇರಲಿ, ಅಲ್ಲಿ ಯಾವ ಸಾಫ್ಟ್‌ವೇರ್ ಕಲಿಸುತ್ತಾರೆ, ಮೂರನೇ ವರ್ಷದವರು ಯಾವ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಾರೆ, ಅದರಲ್ಲಿ ಅವರಿಗೆ ಏನು ಸಾಲುತ್ತಿಲ್ಲ ಎಂದು ಕೇಳಿ ತಿಳಿಯಲಿ. ದಸರಾ, ದೀಪಾವಳಿ ಹೊತ್ತಿಗೆ ರಿಯಾಯಿತಿಯೂ ಬರುತ್ತದೆ. ವಾರಂಟಿಯ ಲೆಕ್ಕ ಕೊಂಡ ದಿನದಿಂದ ಶುರುವಾಗುವುದರಿಂದ ಆ ತಿಂಗಳುಗಳೂ ಉಳಿಯುತ್ತವೆ.

ಸಾಲದ ವಿಷಯಕ್ಕೆ ಬಂದರೆ, ನೀವು ಶಿಕ್ಷಣ ಸಾಲ ತೆಗೆಯುವವರಿದ್ದರೆ ಲ್ಯಾಪ್‌ಟಾಪ್ ಬೆಲೆಯನ್ನೂ ಅದರಲ್ಲಿ ಸೇರಿಸಲು ಬ್ಯಾಂಕಿನಲ್ಲಿ ಕೇಳಿ. ಕೋರ್ಸಿಗೆ ಬೇಕೇಬೇಕಾದ ಕಂಪ್ಯೂಟರ್‌ಗೆ ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಅವಕಾಶವಿದೆ. ಕೊಟೇಶನ್ ಮತ್ತು ಕಾಲೇಜಿನ ಪತ್ರ ಕೇಳಬಹುದು. "ನೋ ಕಾಸ್ಟ್ ಇಎಂಐ" ಎಂಬ ಫಲಕಕ್ಕೆ ಮಾರುಹೋಗಬೇಡಿ. ಬಡ್ಡಿಯಷ್ಟನ್ನು ಮೊದಲೇ ರಿಯಾಯಿತಿಯಾಗಿ ಕಳೆದು ತೋರಿಸುತ್ತಾರೆ, ಆದರೆ ಬ್ಯಾಂಕು ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಹಾಕುತ್ತದೆ, ಹಲವು ಕಡೆ ಪ್ರೊಸೆಸಿಂಗ್ ಶುಲ್ಕವೂ ಇರುತ್ತದೆ. ಎಲ್ಲ ಸೇರಿಸಿ ನಿಮ್ಮ ಸೊಸೈಟಿ ಬಡ್ಡಿಯ ಜೊತೆ ತಾಳೆ ಹಾಕಿ.

ಸಾಫ್ಟ್‌ವೇರ್‌ಗೆ ಪ್ರತ್ಯೇಕ ದುಡ್ಡು ಎತ್ತಿಡಬೇಕಿಲ್ಲ. ಆಟೊಕ್ಯಾಡ್, ರೆವಿಟ್, 3ಡಿಎಸ್ ಮ್ಯಾಕ್ಸ್ ಮೂರನ್ನೂ ಆಟೊಡೆಸ್ಕ್ ಕಂಪನಿ ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಡುತ್ತದೆ. ಕಾಲೇಜಿನ ದಾಖಲೆ ತೋರಿಸಿ ವರ್ಷಕ್ಕೊಮ್ಮೆ ನವೀಕರಿಸಿದರಾಯಿತು. ಬ್ಲೆಂಡರ್ ಎಲ್ಲರಿಗೂ ಉಚಿತ. ಟ್ವಿನ್‌ಮೋಷನ್ ವಿದ್ಯಾರ್ಥಿಗಳಿಗೆ ಉಚಿತ. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಬರುವ ಕ್ರ್ಯಾಕ್ ಪ್ರತಿಗಳನ್ನು ಹಾಕಿಕೊಳ್ಳಬೇಡ ಎಂದು ಹೇಳಿ. ವೈರಸ್ ಬಂದು ಸಬ್‌ಮಿಷನ್ ಹಿಂದಿನ ರಾತ್ರಿ ಫೈಲೆಲ್ಲ ಹೋದರೆ ಯಾವ ವಾರಂಟಿಯೂ ತಂದುಕೊಡುವುದಿಲ್ಲ.

ದಪ್ಪನೆಯದರ ಕಷ್ಟಗಳೂ ಗೊತ್ತಿರಲಿ. ಲ್ಯಾಪ್‌ಟಾಪ್ ಎರಡು ಕಿಲೋ ಮೀರುತ್ತದೆ, ಚಾರ್ಜರೇ ಇಟ್ಟಿಗೆಯ ಗಾತ್ರದ್ದು. ರೆಂಡರ್ ಮಾಡುವಾಗ ಫ್ಯಾನ್ ಜೋರಾಗಿ ಸದ್ದು ಮಾಡುತ್ತದೆ. ಬ್ಯಾಟರಿಯ ಮೇಲೆ ಅದು ಪೂರ್ತಿ ಶಕ್ತಿಯಲ್ಲಿ ದುಡಿಯುವುದಿಲ್ಲ, ಪ್ಲಗ್ ಬೇಕೇ ಬೇಕು. ಹಾಸಿಗೆಯ ಮೇಲೆ, ದಿಂಬಿನ ಮೇಲೆ ಇಟ್ಟರೆ ಗಾಳಿಕಿಂಡಿ ಮುಚ್ಚಿ ಬಿಸಿಯೇರುತ್ತದೆ, ಮೇಜಿನ ಮೇಲೇ ಇಡಬೇಕು. ರಜೆಗೆ ನಿಮ್ಮೂರಿಗೆ ಬಂದಾಗ, ಬೇಸಿಗೆಯಲ್ಲಂತೂ, ಇದು ಇನ್ನೂ ಮುಖ್ಯ. ಚಾರ್ಜ್ ಹಾಕಿದಾಗ ಮೈ ಮುಟ್ಟಿದರೆ ಜುಮ್ಮೆಂದರೆ ಆ ಪ್ಲಗ್ಗಿನ ಅರ್ತಿಂಗ್ ನೋಡಿಸಿ. ವಾರಂಟಿಯನ್ನು ಎರಡು ಮೂರು ವರ್ಷಕ್ಕೆ ವಿಸ್ತರಿಸಿ, ಬಿದ್ದು ಒಡೆದರೂ ರಿಪೇರಿ ಮಾಡಿಕೊಡುವ ರಕ್ಷಣೆ ಸೇರಿಸಿ. ಹಾಸ್ಟೆಲ್‌ನಲ್ಲಿ ಇದು ದಂಡದ ಖರ್ಚಲ್ಲ.

ಕೊನೆಗೆ ನಿಮ್ಮ ನಿಜವಾದ ಅಳುಕು. ಪ್ರತ್ಯೇಕ ಕಾರ್ಡ್ ಇಲ್ಲದ್ದನ್ನು ಕೊಡಿಸಿದರೆ ಆಟ ತಾನಾಗಿ ತಪ್ಪುತ್ತದೆ ಎಂಬ ಯೋಚನೆ ಬಂದಿದ್ದರೆ ಬಿಟ್ಟುಬಿಡಿ. ಅವಳು ಆಡುವ ವ್ಯಾಲೊರೆಂಟ್ ಆ ತೆಳ್ಳಗಿನ 72 ಸಾವಿರದ್ದರಲ್ಲೂ ಸಲೀಸಾಗಿ ನಡೆಯುತ್ತದೆ, ಅಷ್ಟು ಹಗುರದ ಆಟ ಅದು. ನಡೆಯದೆ ನಿಲ್ಲುವುದು ಲುಮಿಯಾನ್. ಆಟ ತಡೆಯಲು ಹೋಗಿ ಪಾಠವನ್ನು ತಡೆದಂತಾಗುತ್ತದೆ.

ಪಿಯುಸಿ ಪರೀಕ್ಷೆ ಮುಗಿಸಿದ ಹುಡುಗಿ ರಜೆಯಲ್ಲಿ ಮಧ್ಯರಾತ್ರಿವರೆಗೆ ಆಡಿದ್ದು ಚಟದ ಲಕ್ಷಣವಲ್ಲ. ಅದೇ ಹುಡುಗಿ ಓದಿ ಸೀಟು ತೆಗೆದುಕೊಂಡಿದ್ದಾಳೆ ತಾನೆ? ವಿಶ್ವ ಆರೋಗ್ಯ ಸಂಸ್ಥೆ ಆಟದ ಚಟವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ ನಿಜ. ಆದರೆ ಅದು ಹೇಳುವ ಲಕ್ಷಣಗಳು ಬೇರೆ: ಆಟದ ಮೇಲೆ ಹತೋಟಿ ತಪ್ಪುವುದು, ಊಟ ನಿದ್ದೆ ಓದಿಗಿಂತ ಆಟವೇ ಮೇಲಾಗುವುದು, ಹಾಳಾಗುತ್ತಿದ್ದೇನೆ ಎಂದು ಗೊತ್ತಿದ್ದೂ ನಿಲ್ಲಿಸಲಾಗದಿರುವುದು, ಇದೆಲ್ಲ ಸಾಮಾನ್ಯವಾಗಿ ವರ್ಷದುದ್ದಕ್ಕೂ ಇರುವುದು. ತರಗತಿ ತಪ್ಪಿಸುವುದು, ಫೋನ್ ಎತ್ತದಿರುವುದು, ಕಾರಣ ಹೇಳದೆ ಪದೇ ಪದೇ ದುಡ್ಡು ಕೇಳುವುದು ಶುರುವಾದರೆ ಆಗ ಎಚ್ಚರಗೊಳ್ಳಿ. ಅಂಥದ್ದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ ಎಂಬ ವಿಶೇಷ ವಿಭಾಗವೇ ಇದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಜಾತಿಯೇ ಬೇರೆ, ಅವನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ನಿಷೇಧಿಸಿದೆ. ಅವುಗಳ ಹತ್ತಿರ ಸುಳಿಯಬೇಡ ಎಂದು ಖಡಾಖಂಡಿತ ಹೇಳಿ. ಉಳಿದದ್ದನ್ನು ಹದಿನೆಂಟರ ಮಗಳ ಜೊತೆ ಕೂತು ಮಾತಾಡಿ. "ಇದು ಸಾಲದ ದುಡ್ಡು, ಕಂತು ಇಷ್ಟು ವರ್ಷ ನನ್ನ ಸಂಬಳದಲ್ಲಿ ಕಡಿತವಾಗುತ್ತದೆ" ಎಂದು ಲೆಕ್ಕ ತೋರಿಸಿ. ಗದರಿಸಿ ಹೇಳುವುದಕ್ಕಿಂತ ಅದು ಹೆಚ್ಚು ನಾಟುತ್ತದೆ.

ಇಷ್ಟು ಮಾಡಿ: ಮೊದಲ ಸೆಮಿಸ್ಟರ್ ಅರ್ಧ ಕಳೆಯಲಿ. ಆಮೇಲೆ ಮಗಳನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಪರದೆ 100% ಎಸ್‌ಆರ್‌ಜಿಬಿ, ಕಾರ್ಡಿನಲ್ಲಿ ಕನಿಷ್ಠ 6 ಜಿಬಿ, ಸಾಧ್ಯವಾದರೆ 8, ರ‍್ಯಾಮ್ ಹೆಚ್ಚಿಸಲು ಸ್ಲಾಟ್, ಮೈಸೂರಿನಲ್ಲಿ ಸರ್ವಿಸ್. ಈ ನಾಲ್ಕೂ ಇದ್ದರೆ ದಪ್ಪನೆಯದನ್ನು ಅಳುಕಿಲ್ಲದೆ ಕೊಡಿಸಿ. ಪರದೆಯೊಂದು ತಪ್ಪಿದರೂ ಎದ್ದು ಬನ್ನಿ, ಬೇರೆ ಮಾಡೆಲ್ ಸಿಗುತ್ತದೆ.