ಸಮುದ್ರಕ್ಕೆ ಬೆನ್ನು ಹಾಕಿದ ಫಿರಂಗಿಗಳು

ವೆಸ್ಟ್ ಇಂಡೀಸ್ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ಕ್ರಿಕೆಟ್. ಈ ಸಲ ಅಲ್ಲಿನ ಪುಟ್ಟ ದ್ವೀಪ ದೇಶ ಗ್ರೆನಡಾದ ರಾಜಧಾನಿ ಸೇಂಟ್ ಜಾರ್ಜಸ್ ಬಗ್ಗೆ ತಿಳ್ಕೊಳ್ಳೋಣ.

ಕುದುರೆ ಲಾಳದ ಆಕಾರದ ಬಂದರು, ಸುತ್ತಲೂ ಕಡಿದಾದ ಗುಡ್ಡಗಳು, ಅವುಗಳ ಮೇಲೆ ಮನೆಗಳು. ಹತ್ತಿ ಇಳಿಯೋ ಕಷ್ಟ ತಪ್ಪಿಸಲು 19ನೇ ಶತಮಾನದ ಕೊನೆಯಲ್ಲಿ ಗುಡ್ಡ ಕೊರೆದು ಸೆಂಡಾಲ್ ಸುರಂಗ ಮಾಡಿದರು. ಕುದುರೆ ಗಾಡಿಗಳ ಕಾಲದ ಆ ಕಿರಿದಾದ ಸುರಂಗದಲ್ಲಿ ಈಗ ಕಾರುಗಳು ಒಂದೇ ಸಾಲಲ್ಲಿ ಹೋಗ್ತವೆ, ಪಕ್ಕದಲ್ಲೇ ಜನ ನಡೀತಾರೆ.

ಬಂದರಿನ ಬಾಯಲ್ಲಿರುವ ಫೋರ್ಟ್ ಜಾರ್ಜ್ ಕೋಟೆ ಕಟ್ಟಿದ್ದು ಫ್ರೆಂಚರು. 1763ರಲ್ಲಿ ದ್ವೀಪ ಬ್ರಿಟಿಷರ ಪಾಲಾಯಿತು. ಶತ್ರು ಸಮುದ್ರದಿಂದಲೇ ಬರ್ತಾನೆ ಅಂತ ಅವರು ಕಾದಿದ್ದರೆ, 1779ರಲ್ಲಿ ಫ್ರೆಂಚ್ ಸೈನ್ಯ ಹಿಂದಿನ ಗುಡ್ಡದ ಕಡೆಯಿಂದ ನುಗ್ಗಿ ಊರನ್ನೇ ಗೆದ್ದಿತು. ತಾವು ಬಂದ ದಾರಿಯಲ್ಲೇ ಇನ್ನೊಬ್ಬರು ಬರಬಾರದಲ್ವಾ? ಅದಕ್ಕೇ ಫ್ರೆಂಚರು ರಿಚ್ಮಂಡ್ ಗುಡ್ಡದ ಮೇಲೆ ಹೊಸ ಕೋಟೆ ಶುರು ಮಾಡಿದರು. ಈ ಫೋರ್ಟ್ ಫ್ರೆಡೆರಿಕ್‌ನ ಫಿರಂಗಿಗಳು ಒಳನಾಡಿನ ಕಡೆಗೆ ಮುಖ ಮಾಡಿವೆ. ಊರು 1783ರಲ್ಲಿ ಮತ್ತೆ ಬ್ರಿಟಿಷರ ಕೈ ಸೇರಿತು, 1974ರಲ್ಲಿ ದೇಶ ಸ್ವತಂತ್ರವಾಯಿತು.

ಸಮುದ್ರಕ್ಕೊಂದು ಕೋಟೆ, ಗುಡ್ಡಕ್ಕೊಂದು ಕೋಟೆ. ಆದರೂ 1983ರಲ್ಲಿ ಅಪಾಯ ಬಂದದ್ದು ಎರಡೂ ಕಡೆಯಿಂದಲ್ಲ. ಪ್ರಧಾನಿ ಮಾರಿಸ್ ಬಿಷಪ್ ಅವರನ್ನು ಅವರದೇ ಪಕ್ಷದವರು ಗೃಹಬಂಧನದಲ್ಲಿಟ್ಟರು. ಅಕ್ಟೋಬರ್ 19ರಂದು ಜನರೇ ಹೋಗಿ ಬಿಡಿಸಿಕೊಂಡು ಕೋಟೆಗೆ ಕರೆತಂದರು. ಅದೇ ದಿನ ಫೋರ್ಟ್ ಜಾರ್ಜ್ ಅಂಗಳದಲ್ಲಿ ಬಿಷಪ್ ಮತ್ತು ಸಂಗಡಿಗರಿಗೆ ಗುಂಡಿಕ್ಕಿದ್ದು ಅವರ ದೇಶದ್ದೇ ಸೈನಿಕರು. ಆರು ದಿನಕ್ಕೆ ಅಮೆರಿಕದ ಸೇನೆ ಬಂದಿಳಿಯಿತು.

ಆ ಅಂಗಳದಲ್ಲಿ ಈಗ ಸತ್ತವರ ನೆನಪಿಗೆ ಒಂದು ಫಲಕ ಇದೆ. ಬಿಷಪ್ ಅವರ ದೇಹ ಮಾತ್ರ ಇವತ್ತಿಗೂ ಸಿಕ್ಕಿಲ್ಲ.